ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಣದ ಒಡಹುಟ್ಟಿದವರ ಹುಡುಕಾಟ

ಪ್ರಶ್ನೆ: ನನಗೆ 47 ವರ್ಷ. ಕಳೆದ ವರ್ಷ ತಂದೆ ತೀರಿಕೊಂಡ ಮೇಲೆ ಅವರ ಕಾಗದಪತ್ರಗಳನ್ನು ವಿಂಗಡಿಸುವಾಗ, ಒಂದು ಹಳೆಯ ಲಕೋಟೆಯಲ್ಲಿ ಪುಟ್ಟ ಹುಡುಗಿಯೊಬ್ಬಳ ಫೋಟೋ ಮತ್ತು ಅವಳ ತಾಯಿ ಬರೆದ ಎರಡು ಪತ್ರಗಳು ಸಿಕ್ಕವು. ಆ ಮಗು ನನ್ನ ತಂದೆಯದೇ ಎಂಬುದು ಪತ್ರಗಳಿಂದ ತಿಳಿಯುತ್ತದೆ. ಆಕೆ ನನಗಿಂತ ಆರು ವರ್ಷ ದೊಡ್ಡವರಿರಬೇಕು. ನನ್ನ ತಾಯಿಗೆ ಈ ವಿಷಯ ಗೊತ್ತಿಲ್ಲ. ಆ ಅಕ್ಕನನ್ನು ಹುಡುಕಲು ಎಲ್ಲಿಂದ ಆರಂಭಿಸಲಿ?

ಉತ್ತರ: ಮೊದಲು ಒಂದು ಸಣ್ಣ ಮಾತು. ‘ಸೋದರ’ ಎಂಬ ಪದದ ಮೂಲಾರ್ಥ ಒಂದೇ ಉದರದಲ್ಲಿ ಹುಟ್ಟಿದವರು ಎಂದು. ತಂದೆ ಒಬ್ಬರೇ ಆಗಿ ತಾಯಿ ಬೇರೆಯಾದವರನ್ನು ಆ ಪದ ಒಳಗೊಳ್ಳುವುದಿಲ್ಲ. ‘ಮಲ’ ಎಂದು ಸೇರಿಸಿ ಹೇಳಿದರೆ ರಕ್ತಸಂಬಂಧ ಇರುವವರು ಯಾರು, ಮರುಮದುವೆಯಿಂದ ಮಾತ್ರ ನಂಟಾದವರು ಯಾರು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಯಾವುದೇ ಕಚೇರಿಗೆ ಅರ್ಜಿ ಕೊಡುವಾಗ ‘ತಂದೆ ಒಬ್ಬರೇ, ತಾಯಿ ಬೇರೆ’ ಎಂದು ಬಿಡಿಸಿ ಬರೆಯಿರಿ.

ಪೂರ್ವಜರನ್ನು ಹುಡುಕುವವರಿಗೆ ಕಾಲ ಹಿಂದಕ್ಕೆ ಹೋದಷ್ಟೂ ಕಷ್ಟವಾದರೆ, ಬದುಕಿರುವವರನ್ನು ಹುಡುಕುವವರಿಗೆ ಈಚಿನ ದಾಖಲೆಗಳೇ ಮುಚ್ಚಿದ ಬಾಗಿಲು. ಅಮೆರಿಕದಲ್ಲಿ ಜನಗಣತಿಯ ಹೆಸರುಸಹಿತ ಹಾಳೆಗಳು 72 ವರ್ಷ ಕಳೆಯುವವರೆಗೆ ಹೊರಬರುವುದಿಲ್ಲ. 1950ರ ಗಣತಿ ಸಾರ್ವಜನಿಕರಿಗೆ ದೊರೆತದ್ದು 2022ರ ಏಪ್ರಿಲ್ 1ರಂದು. ಬ್ರಿಟನ್ನಿನಲ್ಲಿ ಈ ಅವಧಿ 100 ವರ್ಷ. ಬದುಕಿರುವವರ ಖಾಸಗಿತನವನ್ನು ಕಾಯಲೆಂದೇ ಮಾಡಿರುವ ಏರ್ಪಾಡು ಇದು. ಹಾಗಾಗಿ ನಿಮಗೆ ಬೇಕಾದ ಸುಳಿವು ಸರ್ಕಾರದ ಕಡತಗಳಿಗಿಂತ ಹೆಚ್ಚಾಗಿ ಮನೆಯ ಕಪಾಟಿನಲ್ಲಿ ಮತ್ತು ಹಿರಿಯರ ನೆನಪಿನಲ್ಲಿದೆ.

ಆ ಲಕೋಟೆಯನ್ನೇ ಮತ್ತೊಮ್ಮೆ ನೋಡಿ. ಅಂಚೆಯ ಮುದ್ರೆಯಲ್ಲಿ ಊರು ಮತ್ತು ತಾರೀಖು, ಫೋಟೋದ ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು, ಪತ್ರದಲ್ಲಿ ಸುಮ್ಮನೆ ಬಂದುಹೋಗುವ ಶಾಲೆಯ ಅಥವಾ ನೆರೆಯವರ ಹೆಸರು, ಇವೇ ಮೊದಲ ಸುಳಿವುಗಳು. ಆಮೇಲೆ ತಂದೆಯ ಸೇವಾ ಪುಸ್ತಕ, ಪಿಂಚಣಿ ಮತ್ತು ವಿಮೆಯ ನಾಮನಿರ್ದೇಶನ ಪತ್ರಗಳು, ಉಯಿಲು, ಹಳೆಯ ಹಣದ ರವಾನೆಯ ರಸೀದಿಗಳು. ತಿಂಗಳು ತಿಂಗಳೂ ಒಂದೇ ವಿಳಾಸಕ್ಕೆ ಹಣ ಹೋಗಿದ್ದರೆ ಆ ವಿಳಾಸವೇ ಬಹಳಷ್ಟು ಹೇಳುತ್ತದೆ. ಹೆಣ್ಣುಮಕ್ಕಳ ಹೆಸರು ಮದುವೆಯ ನಂತರ ಬದಲಾಗಿರುವ ಸಾಧ್ಯತೆ ಇರುವುದರಿಂದ ಹುಟ್ಟಿನ ಹೆಸರಿನ ಬೆನ್ನು ಹತ್ತಿ ಹೋಗುವವರು ಅರ್ಧದಾರಿಯಲ್ಲಿ ನಿಲ್ಲುತ್ತಾರೆ. ಆಕೆಯ ತಾಯಿಯ ಕಡೆಯ ಗಂಡಸರ ಹೆಸರುಗಳನ್ನು ಹಿಡಿದು ಹೋಗುವುದು ಹೆಚ್ಚು ಫಲ ಕೊಡಬಹುದು. ಸಾವಿನ ಪ್ರಕಟಣೆಗಳಲ್ಲಿ ಅಗಲಿದವರ ಮಕ್ಕಳ, ಅಳಿಯಂದಿರ ಹೆಸರುಗಳು ಬರುವುದುಂಟು.

ಹಿರಿಯರನ್ನು ಕೇಳುವ ಕೆಲಸವನ್ನು ಮಾತ್ರ ಮುಂದೂಡಬೇಡಿ. ‘ಅಪ್ಪನಿಗೆ ಇನ್ನೊಂದು ಮಗು ಇತ್ತೇ?’ ಎಂದು ನೇರವಾಗಿ ಕೇಳಿದರೆ ಗುಟ್ಟು ಕಾಯ್ದುಕೊಂಡವರು ‘ಇಲ್ಲ’ ಎಂದುಬಿಡುತ್ತಾರೆ, ಮತ್ತು ಒಮ್ಮೆ ಇಲ್ಲ ಎಂದವರಿಗೆ ಮಾತು ಬದಲಿಸುವುದು ಕಷ್ಟ. ಅದರ ಬದಲು ತಂದೆ ಮದುವೆಗೆ ಮುಂಚೆ ಎಲ್ಲಿ ಕೆಲಸದಲ್ಲಿದ್ದರು, ಯಾರ ಮನೆಯಲ್ಲಿ ಇಳಿದುಕೊಂಡಿದ್ದರು, ಅಲ್ಲಿಂದ ಏಕೆ ಬಂದರು ಎಂದು ಕೇಳಿ, ಉತ್ತರಗಳನ್ನು ತಾರೀಖು ಹಾಕಿ ಬರೆದಿಟ್ಟುಕೊಳ್ಳಿ.

ತಾಯಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಹುಡುಕಾಟವನ್ನು ನೀವು ಒಬ್ಬರೇ ನಡೆಸಬಹುದು, ಆದರೆ ಆ ಅಕ್ಕನಿಗೆ ಪತ್ರ ಹಾಕುವ ಮುನ್ನ ತಾಯಿಗೆ ತಿಳಿಸಿರಬೇಕು. ಉತ್ತರ ಯಾವ ದಿನ ಯಾರ ಕೈಗೆ ಬರುತ್ತದೆಂಬುದು ನಿಮ್ಮ ಹತೋಟಿಯಲ್ಲಿಲ್ಲ. ‘ತಾಯಿಗೆ ಗೊತ್ತಿಲ್ಲ’ ಎಂಬುದನ್ನೂ ಅಷ್ಟು ಸುಲಭವಾಗಿ ನಂಬಬೇಡಿ. ಗೊತ್ತಿದ್ದೂ ನಿಮಗಾಗಿ ಸುಮ್ಮನಿದ್ದಿರಬಹುದು.

ಇನ್ನು ಪತ್ರ. ವಿಳಾಸ ಸಿಕ್ಕಿತೆಂದು ಬಾಗಿಲಿಗೆ ಹೋಗಿ ನಿಲ್ಲಬೇಡಿ, ಫೋನನ್ನೂ ಮಾಡಬೇಡಿ. ಆಕೆಯ ಗಂಡ, ಮಕ್ಕಳು ಎದುರಿಗಿರುವಾಗ ಇಂಥ ಸುದ್ದಿಗೆ ಉತ್ತರ ಕೊಡಬೇಕಾದ ಇಕ್ಕಟ್ಟಿಗೆ ಆಕೆಯನ್ನು ಸಿಕ್ಕಿಸಿದಂತಾಗುತ್ತದೆ. ಮುಚ್ಚಿದ ಲಕೋಟೆಯಲ್ಲಿ ಒಂದು ಪುಟ ಮೀರದ ಪತ್ರ ಸಾಕು. ಮೊದಲ ಸಾಲಿನಲ್ಲೇ ‘ಪ್ರೀತಿಯ ಅಕ್ಕ’ ಎನ್ನದೆ ‘ಮಾನ್ಯರೇ’ ಎಂದು ಆರಂಭಿಸಿ. ಅಕ್ಕ ಎಂದು ಕರೆಯುವುದು ಒಂದು ಹಕ್ಕು. ಅದನ್ನು ಕೊಡಬೇಕಾದವರು ಆಕೆ. ನೀವು ಯಾರು, ಏನು ಸಿಕ್ಕಿತು, ಏನು ಬಯಸುತ್ತೀರಿ ಎಂದು ಹೇಳಿ, ಆಸ್ತಿಯ ಪ್ರಶ್ನೆಗಾಗಿ ಬರೆಯುತ್ತಿಲ್ಲವೆಂಬುದು ನಿಜವಾಗಿದ್ದರೆ ಅದನ್ನೂ ತಿಳಿಸಿ, ಉತ್ತರಿಸದಿದ್ದರೆ ಮತ್ತೆ ತೊಂದರೆ ಕೊಡುವುದಿಲ್ಲವೆಂದು ಬರೆದು, ಹಾಗೆಯೇ ನಡೆದುಕೊಳ್ಳಿ. ಫೋಟೋದ ಮೂಲಪ್ರತಿಯನ್ನು ಕಳಿಸಬೇಡಿ, ನಕಲು ಇಡಿ. ಬಾಲ್ಯದ ಆ ಚಿತ್ರ ಆಕೆಯ ಬಳಿ ಇಲ್ಲದೆಯೂ ಇರಬಹುದು.

ಪ್ರಶ್ನೆ: ದತ್ತು ಮಗುವಾಗಿ ಬೆಳೆದ ನಾನು ಡಿಎನ್ಎ ಪರೀಕ್ಷೆ ಮಾಡಿಸಿಕೊಂಡೆ. ಒಬ್ಬ ವ್ಯಕ್ತಿಯೊಂದಿಗೆ ನನ್ನದು ಶೇ. 25ರಷ್ಟು ಹೊಂದಾಣಿಕೆಯಾಗಿದ್ದು, ‘ಸಮೀಪದ ಬಂಧು’ ಎಂದಷ್ಟೇ ವರದಿಯಲ್ಲಿದೆ. ಆತ ನನ್ನ ಅಣ್ಣನೇ?

ಉತ್ತರ: ಇರಬಹುದು, ಆದರೆ ಈ ಅಂಕಿಯೊಂದರಿಂದಲೇ ಹಾಗೆ ಹೇಳಲಾಗದು. ತಂದೆ ತಾಯಿ ಇಬ್ಬರೂ ಒಂದೇ ಆದವರು ಸರಾಸರಿ ಅರ್ಧದಷ್ಟು, ಒಬ್ಬರು ಮಾತ್ರ ಒಂದೇ ಆದವರು ಕಾಲುಭಾಗದಷ್ಟು ಡಿಎನ್ಎ ಹಂಚಿಕೊಂಡಿರುತ್ತಾರೆ. ಚಿಕ್ಕಪ್ಪ, ಸೋದರಮಾವ, ಸೋದರತ್ತೆ, ಅಜ್ಜ, ಮೊಮ್ಮಗ ಇವರೆಲ್ಲರ ಪಾಲೂ ಅದೇ ಕಾಲುಭಾಗ. ನಮ್ಮ ಭಾಷೆ ತಂದೆಯ ಕಡೆ, ತಾಯಿಯ ಕಡೆ ಎಂದು ಎಷ್ಟೊಂದು ಹೆಸರುಗಳನ್ನಿಟ್ಟು ಬಿಡಿಸಿ ಹೇಳುವುದನ್ನು ಈ ವರದಿಗಳು ಒಂದೇ ಮಾತಿನಲ್ಲಿ ಮುಗಿಸುತ್ತವೆ.

ಮೊದಲ ಜರಡಿ ವಯಸ್ಸು: ಆತ ನಿಮಗಿಂತ ಐದು ವರ್ಷ ದೊಡ್ಡವನಾದರೆ ಅಜ್ಜನಾಗುವ ಮಾತಿಲ್ಲ, ಚಿಕ್ಕಪ್ಪ ಅಥವಾ ಮಾವನಾಗುವ ಸಂಭವವೂ ಕಡಿಮೆ. ಎರಡನೆಯದು, ಯಾವ ಕಡೆಯ ನಂಟು ಎಂಬುದು. ತಾಯಿ ಒಬ್ಬರೇ ಆಗಿದ್ದರೆ, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯದ ಡಿಎನ್ಎ ಇಬ್ಬರಲ್ಲೂ ಒಂದೇ ಬಗೆಯದಾಗಿರುತ್ತದೆ. ಇಬ್ಬರೂ ಗಂಡಸರಾಗಿ ತಂದೆ ಒಬ್ಬರೇ ಆಗಿದ್ದರೆ, ತಂದೆಯಿಂದ ಗಂಡುಮಕ್ಕಳಿಗೆ ಬರುವ ವೈ ಕ್ರೋಮೋಸೋಮು ತಾಳೆಯಾಗುತ್ತದೆ. ಮೊದಲನೆಯದರಲ್ಲಿ ಸ್ಪಷ್ಟ ವ್ಯತ್ಯಾಸ ಕಂಡರೆ ತಾಯಿ ಒಬ್ಬರೇ ಎಂಬುದನ್ನು, ಎರಡನೆಯದರಲ್ಲಿ ಕಂಡರೆ ತಂದೆ ಒಬ್ಬರೇ ಎಂಬುದನ್ನು ತಳ್ಳಿಹಾಕಬಹುದು. ತಾಳೆಯಾದ ಮಾತ್ರಕ್ಕೆ ಅಣ್ಣ ಎಂದು ಸಾಬೀತಾಗುವುದಿಲ್ಲ, ಏಕೆಂದರೆ ದೂರದ ಬಂಧುಗಳಲ್ಲೂ ಇವು ಒಂದೇ ಇರಬಹುದು. ಸಂಬಂಧದೊಳಗೇ ಮದುವೆಗಳು ನಡೆದುಬಂದ ಕುಟುಂಬಗಳಲ್ಲಿ ಹೊಂದಾಣಿಕೆಯ ಪ್ರಮಾಣ ಇರಬೇಕಾದುದಕ್ಕಿಂತ ಹೆಚ್ಚು ಕಾಣುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪರೀಕ್ಷೆಯಲ್ಲಿ ಹೊಂದಾಣಿಕೆಯಾದವರ ಪಟ್ಟಿ ನೋಡಿ, ಇಬ್ಬರ ಪಟ್ಟಿಯಲ್ಲೂ ಬರುವ ದೂರದ ಬಂಧುಗಳು ಯಾರು ಎಂದು ಗುರುತಿಸಿ, ಅವರ ವಂಶವೃಕ್ಷಗಳು ಎಲ್ಲಿ ಸೇರುತ್ತವೆ ಎಂದು ನೋಡುವುದು ನಿಧಾನದ ಕೆಲಸವಾದರೂ ಕೊನೆಗೆ ಉತ್ತರ ಸಿಗುವುದು ಸಾಮಾನ್ಯವಾಗಿ ಅಲ್ಲಿಯೇ.

ಒಂದು ಎಚ್ಚರಿಕೆ. 2023ರಲ್ಲಿ ಡಿಎನ್ಎ ಪರೀಕ್ಷೆ ನಡೆಸುವ 23ಆಂಡ್‌ಮಿ ಸಂಸ್ಥೆಯ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಸೋರಿಹೋಯಿತು, 2025ರ ಮಾರ್ಚಿನಲ್ಲಿ ಆ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಡಿಎನ್ಎಯನ್ನು ಗುಪ್ತಪದದಂತೆ ಬದಲಿಸಲಾಗದು, ಅದು ನಿಮ್ಮೊಬ್ಬರದೂ ಅಲ್ಲ. ಕೆಲಸ ಮುಗಿದ ಮೇಲೆ ಮಾದರಿಯನ್ನು ನಾಶಮಾಡಿಸಿ, ಖಾತೆಯನ್ನು ಅಳಿಸುವುದು ಒಳ್ಳೆಯದು.

ಪ್ರಶ್ನೆ: ನಾನು ದಾನಿಯ ವೀರ್ಯದಿಂದ ಹುಟ್ಟಿದವನೆಂದು ಈಚೆಗೆ ತಿಳಿಯಿತು. ಅದೇ ದಾನಿಯ ಇತರ ಮಕ್ಕಳನ್ನು ಹುಡುಕಬಹುದೇ?

ಉತ್ತರ: ಅದು ನೀವು ಹುಟ್ಟಿದ ದೇಶ ಮತ್ತು ವರ್ಷದ ಮೇಲೆ ನಿಂತಿದೆ. ದಾನಿಯ ಗುರುತನ್ನು ತಿಳಿಯುವ ಹಕ್ಕನ್ನು ಸ್ವೀಡನ್ 1985ರಲ್ಲೇ ಕೊಟ್ಟಿತು. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ 1ರ ನಂತರ ದಾನಿಗಳಾಗಿ ನೋಂದಾಯಿಸಿಕೊಂಡವರ ಹೆಸರನ್ನು ಮಗು 18 ತುಂಬಿದ ಮೇಲೆ ಕೇಳಬಹುದು. ಒಂದೇ ದಾನಿಯ ಮಕ್ಕಳು ಪರಸ್ಪರ ಒಪ್ಪಿದರೆ ಒಬ್ಬರಿಗೊಬ್ಬರ ಸಂಪರ್ಕ ದೊರೆಯುವ ಏರ್ಪಾಡೂ ಅಲ್ಲಿದೆ. ಕಾನೂನಿನ ನೆರವಿಲ್ಲದ ಕಡೆಗಳಲ್ಲಿ ಚಿಕಿತ್ಸಾಲಯದ ಹೆಸರು ಮತ್ತು ದಾನಿಯ ಸಂಖ್ಯೆ ಇದ್ದರೆ ಸ್ವಯಂಪ್ರೇರಿತ ನೋಂದಣಿಗಳನ್ನು ನೋಡಬಹುದು. 2000ದಲ್ಲಿ ಅಮೆರಿಕದಲ್ಲಿ ಆರಂಭವಾದ ಡೋನರ್ ಸಿಬ್ಲಿಂಗ್ ರಿಜಿಸ್ಟ್ರಿ ಅಂಥದ್ದು. ದಾನಿಯ ಸಂಖ್ಯೆಯನ್ನು ತಂದೆತಾಯಿಯರೇ ಬರೆದಿಟ್ಟಿರಬಹುದು, ಮೊದಲು ಅವರನ್ನೇ ಕೇಳಿ. ಸಿಗುವವರು ಒಬ್ಬಿಬ್ಬರೇ ಆಗಿರಬೇಕೆಂದಿಲ್ಲ, ಹತ್ತಾರು ಜನರೂ ಇರಬಹುದು. ಅವರಲ್ಲಿ ಕೆಲವರಿಗೆ ತಮ್ಮ ಹುಟ್ಟಿನ ವಿಷಯ ಇನ್ನೂ ತಿಳಿದೇ ಇರದ ಸಂಭವವುಂಟು. ಡಿಎನ್ಎ ಪಟ್ಟಿಯಲ್ಲಿ ಅಂಥವರು ಕಂಡರೆ ದಾನಿಯ ಮಾತೆತ್ತದೆ, ‘ನಮ್ಮಿಬ್ಬರ ಹೊಂದಾಣಿಕೆ ಕಂಡಿತು, ಇದರ ಬಗ್ಗೆ ನಿಮಗೇನಾದರೂ ಗೊತ್ತೇ?’ ಎಂದಷ್ಟೇ ಬರೆದು ಅವರ ಉತ್ತರಕ್ಕೆ ಕಾಯಿರಿ.