ಮೆಚ್ಚಿದ ಪಾತ್ರವನ್ನು ಬರೆದರೆ ಕಳ್ಳತನವೇ?

ಪ್ರಶ್ನೆ: ನಾನು ಹುಬ್ಬಳ್ಳಿಯವಳು, ವಯಸ್ಸು 26. ಚಿತ್ರಕಲೆಯಲ್ಲಿ ಪದವಿ ಮುಗಿಸಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದುಕೊಡುತ್ತೇನೆ. ಹೈಸ್ಕೂಲಿನಿಂದಲೂ ನನಗೆ ಜಪಾನಿನ ಅನಿಮೇಷನ್ ಸಿನಿಮಾಗಳ ಹುಚ್ಚು; ಆ ಪಾತ್ರಗಳ ಫ್ಯಾನ್ ಆರ್ಟ್ ಬರೆದು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿರುತ್ತೇನೆ. ‘ಮೈ ನೇಬರ್ ಟೊಟೊರೊ’ ಸಿನಿಮಾದ ಕಾಡಿನ ಜೀವಿ ಟೊಟೊರೊ ಮಳೆಯಲ್ಲಿ ನಮ್ಮೂರಿನ ಬಸ್ ಸ್ಟಾಪಿನಲ್ಲಿ ನಿಂತಿರುವ ಚಿತ್ರವನ್ನು ಸಾವಿರಾರು ಜನ ಮೆಚ್ಚಿದರು. ನನ್ನದೇ ಕಲ್ಪನೆಯ ಚಿತ್ರ ಹಾಕಿದರೆ ಗೆಳತಿಯರು ಬಿಟ್ಟು ಯಾರೂ ತಿರುಗಿ ನೋಡುವುದಿಲ್ಲ. ಬೆಂಗಳೂರಿನ ಕಾಮಿಕ್ಸ್ ಮೇಳ ಕಾಮಿಕ್ ಕಾನ್‌ನಲ್ಲಿ ಒಂದು ಟೇಬಲ್ ಹಿಡಿಯೋಣ, ಬಸ್ ಸ್ಟಾಪಿನ ಚಿತ್ರವನ್ನು ಟಿ-ಷರ್ಟ್, ಸ್ಟಿಕ್ಕರ್ ಮಾಡಿ ಮಾರೋಣ, ಜೊತೆಗೆ ಅಪ್ಪು ಅವರ ಭಾವಚಿತ್ರಗಳನ್ನೂ ಇಡೋಣ ಎಂದು ಗೆಳೆಯನೊಬ್ಬ ಒತ್ತಾಯಿಸುತ್ತಿದ್ದಾನೆ. ನನಗೆ ಕಲಿಸಿದ ಮೇಷ್ಟ್ರು ಇದನ್ನು ಕೇಳಿ, ‘ಬೇರೆಯವರು ಬಿತ್ತಿದ್ದನ್ನು ಕೊಯ್ದು ಸಂತೆಗೆ ಒಯ್ಯುವುದನ್ನು ನಾನು ಕಲಿಸಿರಲಿಲ್ಲ’ ಎಂದರು. ಅಂದಿನಿಂದ ಪೆನ್ಸಿಲ್ ಹಿಡಿಯಲು ಮನಸ್ಸೇ ಬರುತ್ತಿಲ್ಲ. ನಾನು ಮಾಡುತ್ತಿರುವುದು ಕಳ್ಳತನವೇ? ನನ್ನದೆನ್ನುವುದು ನನ್ನಲ್ಲಿ ಏನೂ ಇಲ್ಲವೇ? ಎರಡು ಚಿತ್ರಗಳನ್ನು ಕಳುಹಿಸಿದ್ದೇನೆ. ಎರಡನೆಯದು ಅಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದ ದಿನಗಳಲ್ಲಿ ಬರೆದದ್ದು. ಅದನ್ನು ಎಲ್ಲೂ ಹಾಕಿಲ್ಲ.

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದಕ್ಕೆ ಉತ್ತರ ನೀವು ಯಾರಿಗೂ ತೋರಿಸದೆ ಇಟ್ಟುಕೊಂಡ ಚಿತ್ರದಲ್ಲಿದೆ, ಮತ್ತು ಅದು ತಿಳಿದ ಮೇಲೆ ಕಳ್ಳತನದ ಪ್ರಶ್ನೆಯನ್ನು ಬಿಡಿಸಿ ನೋಡುವುದು ಸುಲಭವಾಗುತ್ತದೆ.

ಬಸ್ ಸ್ಟಾಪಿನ ಚಿತ್ರವನ್ನು ನೋಡಿದೆ. ಒದ್ದೆ ರಸ್ತೆಯ ಮೇಲೆ ದೀಪದ ಬೆಳಕು ಹರಡಿರುವ ರೀತಿ, ಕೊಡೆಯ ಅಂಚಿನಿಂದ ಇಳಿಯುವ ನೀರು, ಇವುಗಳಲ್ಲಿ ನಿಮ್ಮ ಕೈ ಎಷ್ಟು ಪಳಗಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಆದರೆ 1988ರ ಆ ಸಿನಿಮಾವನ್ನು ನೋಡಿದ ಯಾರೇ ಆದರೂ ಗುರುತಿಸುವಂತೆ, ನೋಟದ ಕೋನ, ಪಾತ್ರಗಳು ನಿಂತ ಭಂಗಿ, ಅವುಗಳ ನಡುವಿನ ಅಂತರ, ಟೊಟೊರೊನ ತಲೆಯ ಮೇಲಿನ ಎಲೆ ಎಲ್ಲವೂ ಅಲ್ಲಿಯವೇ. ನೀವು ಸೇರಿಸಿದ್ದು ‘ಉಣಕಲ್’ ಎಂಬ ಕನ್ನಡ ಬೋರ್ಡು ಮತ್ತು ಹಿಂದೆ ಮಸುಕಾಗಿ ಕಾಣುವ ಸಾರಿಗೆ ಬಸ್ಸು. ಬೋರ್ಡನ್ನೂ ಬಸ್ಸನ್ನೂ ಅಳಿಸಿದರೆ ಉಳಿಯುವುದು ಮೂಲದ ಫ್ರೇಮು. ನಮ್ಮೂರಿನ ಹೆಸರು ಕಂಡಾಗ ಜನರಿಗೆ ಆಗುವ ಖುಷಿ ನಿಜವಾದದ್ದೇ, ಅದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಆ ಮೆಚ್ಚುಗೆಯ ಬಹುಪಾಲು ಆ ದೃಶ್ಯವನ್ನು ಮೊದಲು ಕಲ್ಪಿಸಿದವರಿಗೆ ಸಲ್ಲಬೇಕಾದದ್ದು.

ಎರಡನೆಯ ಚಿತ್ರದಲ್ಲಿ ಅದೇ ಸಿನಿಮಾದ ಅಕ್ಕ, ಸತ್ಸುಕಿ, ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಾಳೆ. ಮಡಿಲಲ್ಲಿ ಮೂರು ಅಂತಸ್ತಿನ ಸ್ಟೀಲ್ ಟಿಫಿನ್ ಕ್ಯಾರಿಯರ್, ಕಾಲ ಬಳಿ ತಂಗಿಯ ಒಂದೇ ಒಂದು ಚಪ್ಪಲಿ; ತಂಗಿ ಚಿತ್ರದಲ್ಲಿಲ್ಲ. ಗೋಡೆಯ ಕೆಳಭಾಗಕ್ಕೆ ಹಸಿರು ಆಯಿಲ್ ಪೇಂಟ್, ಮೇಲೆ ಸುಣ್ಣ, ಅವೆರಡೂ ಕೂಡುವ ಗೆರೆಗಿಂತ ತುಸು ಮೇಲೆ, ಬೆಂಚಿನುದ್ದಕ್ಕೂ, ಎಣ್ಣೆತಲೆಗಳು ಒರಗಿ ಒರಗಿ ಮೂಡಿದ ಕಂದು ಕಲೆ. ಆ ಕಲೆ ಸಿನಿಮಾದಲ್ಲಿ ಇಲ್ಲ. ಇಂಟರ್ನೆಟ್‌ನಲ್ಲಿ ಹುಡುಕಿ ತಂದದ್ದೂ ಅಲ್ಲ. ಅಂಥ ಬೆಂಚಿನ ಮೇಲೆ ಕೂತು, ಒಳಗೆ ಯಂತ್ರ ನಿಲ್ಲುವುದನ್ನು ಗಂಟೆಗಟ್ಟಲೆ ಕಾದವರಿಗೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಇಲ್ಲಿ ನೀವು ಗಮನಿಸಬೇಕಾದ ಸಂಗತಿಯೊಂದಿದೆ. ಆ ಸಿನಿಮಾದಲ್ಲಿ ತಾಯಿ ಆಸ್ಪತ್ರೆಯಲ್ಲಿರುತ್ತಾಳೆ. ಅಕ್ಕ ಅಡುಗೆ ಮಾಡುತ್ತಾಳೆ, ಡಬ್ಬಿ ಕಟ್ಟುತ್ತಾಳೆ, ತಂಗಿಯನ್ನು ನೋಡಿಕೊಳ್ಳುತ್ತಾಳೆ, ಬಹಳ ಹೊತ್ತಿನವರೆಗೆ ಅಳುವುದಿಲ್ಲ. ನಿರ್ದೇಶಕ ಹಯಾವೊ ಮಿಯಾಝಾಕಿ ಅವರು ಚಿಕ್ಕವರಿದ್ದಾಗ ಅವರ ತಾಯಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಅಂದರೆ ತಮ್ಮ ಮನೆಯ ನೋವನ್ನು ಅವರು ಆ ಇಬ್ಬರು ಹುಡುಗಿಯರ ಕೈಗೆ ಕೊಟ್ಟಿದ್ದರು, ನೀವು ಅದೇ ಹುಡುಗಿಯ ಮೂಲಕ ಅದನ್ನು ನಿಮ್ಮ ಮನೆಗೆ ತಂದುಕೊಂಡಿದ್ದೀರಿ, ಮತ್ತು ಸಿನಿಮಾ ತೋರಿಸದ ಒಂದು ಗಳಿಗೆಯನ್ನು, ಆ ಧೈರ್ಯದ ಹುಡುಗಿ ದಣಿದು ಕುಸಿಯುವ ಗಳಿಗೆಯನ್ನು, ತೋರಿಸಿದ್ದೀರಿ. ಮೂಲಕೃತಿಯನ್ನು ಇಷ್ಟು ಆಳವಾಗಿ ಓದಿಕೊಂಡವರು ಮಾತ್ರ ಬರೆಯಬಲ್ಲ ಚಿತ್ರವಿದು. ಮೂಲ ನನಗೆ ತೋರಿಸದ ಯಾವುದನ್ನು ನಾನು ಇಲ್ಲಿ ಕಂಡಿದ್ದೇನೆ ಎಂದು ಪ್ರತಿ ಚಿತ್ರ ಮುಗಿದಾಗಲೂ ಕೇಳಿಕೊಳ್ಳಿ. ನಿಮ್ಮ ಬಸ್ ಸ್ಟಾಪು ಈ ಪ್ರಶ್ನೆಗೆ ತಡವರಿಸುತ್ತದೆ, ವರಾಂಡ ತಡವರಿಸುವುದಿಲ್ಲ.

ಇನ್ನು ಮೇಷ್ಟ್ರ ಮಾತು. ಬೇರೆಯವರು ಸೃಷ್ಟಿಸಿದ ಪಾತ್ರಗಳನ್ನು ಬರೆಯುವುದೇ ಕಲಾವಿದರಿಗೆ ಕೀಳು ಎಂದು ಅವರ ಅಭಿಪ್ರಾಯವಾಗಿದ್ದರೆ ಅದನ್ನು ಒಪ್ಪಲಾರೆ. ಮೈಸೂರು ಶೈಲಿಯ ಚಿತ್ರಕಾರರು ದೇವತೆಗಳ ಮೈಬಣ್ಣ, ಆಯುಧ, ವಾಹನಗಳನ್ನು ತಾವೇ ಕಂಡುಹಿಡಿಯಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿಯಂಥ ಗ್ರಂಥಗಳು ಅವನ್ನು ನಿಗದಿಪಡಿಸಿದ್ದವು, ಶಿಷ್ಯರು ಗುರುಗಳ ರೇಖೆಗಳನ್ನು ಮತ್ತೆ ಮತ್ತೆ ತಿದ್ದಿಯೇ ಕೈ ಪಳಗಿಸಿಕೊಂಡರು. ರವಿವರ್ಮರ ಸರಸ್ವತಿಯ ನೆರಳು ಬೀಳದ ಕ್ಯಾಲೆಂಡರನ್ನು ನಮ್ಮ ಮನೆಗಳಲ್ಲಿ ಹುಡುಕುವುದೇ ಕಷ್ಟ. ಆದರೆ ಸರಸ್ವತಿಗೆ ಯಾರೂ ಒಡೆಯರಿಲ್ಲ, ಟೊಟೊರೊಗೆ ಇದ್ದಾರೆ. ಅದನ್ನು ರೂಪಿಸಿದವರು ಇಂದಿಗೂ ಬದುಕಿದ್ದಾರೆ, ಆ ಸಿನಿಮಾ ಮಾಡಿದ ಜಿಬ್ಲಿ ಸ್ಟುಡಿಯೊಗೆ ಅದರಿಂದ ಇಂದಿಗೂ ಆದಾಯ ಬರುತ್ತದೆ. ಮೇಷ್ಟ್ರು ಬಳಸಿದ ‘ಸಂತೆ’ ಎಂಬ ಮಾತಿಗೆ ತೂಕ ಇರುವುದು ಇಲ್ಲಿ. ಅವರು ಆಕ್ಷೇಪಿಸಿದ್ದು ಬರೆಯುವುದಕ್ಕೋ ಮಾರುವುದಕ್ಕೋ ಎಂದು ಅವರನ್ನೇ ಕೇಳಿ ನೋಡಿ. ಎರಡನೆಯದಕ್ಕೆ ಎಂದೇ ನನ್ನ ಊಹೆ.

ಮಾರಾಟದ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ನೀವು ತಿಳಿದಿರಬೇಕು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಫ್ಯಾನ್ ಆರ್ಟ್ ಎಂಬ ಪ್ರತ್ಯೇಕ ವರ್ಗವಿಲ್ಲ. ಸಿನಿಮಾವೊಂದರ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ, ಆದ್ದರಿಂದ 1988ರ ಸಿನಿಮಾ ನಮ್ಮಲ್ಲಿ 2048ರ ಕೊನೆಯವರೆಗೂ ರಕ್ಷಿತ. ಕಾಯ್ದೆಯ 52ನೇ ಕಲಮು ಖಾಸಗಿ ಬಳಕೆಗೆ, ಅಧ್ಯಯನಕ್ಕೆ, ವಿಮರ್ಶೆಗೆ ನ್ಯಾಯೋಚಿತ ಮಿತಿಯಲ್ಲಿ ಅವಕಾಶ ಕೊಡುತ್ತದೆ. ಮನೆಯಲ್ಲಿ ಕೂತು ಕಲಿಕೆಗಾಗಿ ಬರೆಯುವುದಕ್ಕೆ ಆ ಆಸರೆ ಉಂಟು, ಮುದ್ರಿಸಿ ಮಾರುವ ಟಿ-ಷರ್ಟಿಗೆ ಅದು ಸಿಗುವುದು ಕಷ್ಟ. ಇನ್ನೊಂದು ಕಡೆ, ವಿಚಾರಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೂಪಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿಯೇ ಹೇಳಿದೆ. ಮಳೆಯಲ್ಲಿ ಬಸ್ಸಿಗಾಗಿ ಕಾಯುವ ಮಗು ಮತ್ತು ಕಾಡಿನ ಜೀವಿ ಎಂಬ ಕಲ್ಪನೆ ಯಾರ ಸ್ವತ್ತೂ ಅಲ್ಲ, ಆ ನಿರ್ದಿಷ್ಟ ಮೈಕಟ್ಟಿನ, ಆ ಕಣ್ಣುಗಳ ಟೊಟೊರೊ ಸ್ವತ್ತು. ಸಾಲದ್ದಕ್ಕೆ ಟೊಟೊರೊ ಜಿಬ್ಲಿ ಸ್ಟುಡಿಯೊದ ಲಾಂಛನವೂ ಆಗಿರುವುದರಿಂದ ಅದನ್ನು ಬಟ್ಟೆಯ ಮೇಲೆ ಅಚ್ಚು ಹಾಕಿದರೆ ಟ್ರೇಡ್‌ಮಾರ್ಕ್ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಜಿಬ್ಲಿ 2020ರ ಸೆಪ್ಟೆಂಬರ್‌ನಿಂದ ತನ್ನ ಸಿನಿಮಾಗಳ ನೂರಾರು ಸ್ಥಿರಚಿತ್ರಗಳನ್ನು ಸಾಮಾನ್ಯ ವಿವೇಕದ ಮಿತಿಯೊಳಗೆ ಬಳಸಿಕೊಳ್ಳಿ ಎಂದು ತಾನೇ ಬಿಡುಗಡೆ ಮಾಡಿತು, ನಿಮ್ಮ ಗೆಳೆಯ ಅದನ್ನು ಆಧಾರವಾಗಿ ತೋರಿಸಬಹುದು. ಆ ಉದಾರತೆಯನ್ನು ವ್ಯಾಪಾರದ ಪರವಾನಗಿ ಎಂದು ಓದಿಕೊಳ್ಳಬೇಡಿ.

ಅಪ್ಪು ಅವರ ಭಾವಚಿತ್ರಗಳ ವಿಷಯ ಸ್ವಲ್ಪ ಬೇರೆ. ಬದುಕಿರುವ ತಾರೆಯರ ಹೆಸರು, ಮುಖ, ದನಿಗಳನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ದೆಹಲಿ ಹೈಕೋರ್ಟ್ 2022ರಲ್ಲಿ ಅಮಿತಾಭ್ ಬಚ್ಚನ್ ಮತ್ತು 2023ರಲ್ಲಿ ಅನಿಲ್ ಕಪೂರ್ ಪರವಾಗಿ ಆದೇಶ ನೀಡಿದೆ. ನಿಧನರಾದವರ ಇಂಥ ಹಕ್ಕು ಅವರೊಂದಿಗೇ ಕೊನೆಗೊಳ್ಳುತ್ತದೆ ಎಂದು ಅದೇ ನ್ಯಾಯಾಲಯ 2023ರಲ್ಲಿ ಸುಶಾಂತ್ ಸಿಂಗ್ ರಜಪೂತ್ ಪ್ರಕರಣದಲ್ಲಿ ಅಭಿಪ್ರಾಯಪಟ್ಟಿತು. ಅಷ್ಟರಿಂದ ದಾರಿ ಸಲೀಸಾಯಿತು ಎಂದುಕೊಳ್ಳುವಂತಿಲ್ಲ. 2021ರ ಅಕ್ಟೋಬರ್ 29ರ ನಂತರ ಕರ್ನಾಟಕದ ಗೋಡೆ, ಆಟೊ, ಹೋಟೆಲುಗಳಲ್ಲಿ ಮೂಡಿದ ಅಪ್ಪು ಚಿತ್ರಗಳನ್ನು ಗಮನವಿಟ್ಟು ನೋಡಿ: ಅವುಗಳಲ್ಲಿ ಬಹಳಷ್ಟು ಕೆಲವೇ ಛಾಯಾಚಿತ್ರಗಳ ಪಡಿಯಚ್ಚು. ಆ ನಗುವನ್ನು ಆ ಬೆಳಕಿನಲ್ಲಿ ಹಿಡಿದದ್ದು ಒಬ್ಬ ಛಾಯಾಗ್ರಾಹಕ, ಅದರ ಹಕ್ಕು ಅವರದೋ ಅವರಿಗೆ ಕೆಲಸ ಕೊಟ್ಟ ಸಂಸ್ಥೆಯದೋ ಆಗಿರುತ್ತದೆ, ಮತ್ತು ಅವರ ಹೆಸರನ್ನು ಯಾರೂ ಹೇಳುವುದಿಲ್ಲ. ನನಗೆ ತುಂಬ ನೋವು ಕೊಡುವ ಸಂಗತಿ ಇದು. ಅಮೆರಿಕದಲ್ಲಿ ಗಾಯಕ ಪ್ರಿನ್ಸ್ ಅವರ ಛಾಯಾಚಿತ್ರವನ್ನು ಆಧರಿಸಿ ಖ್ಯಾತ ಚಿತ್ರಕಾರ ಆಂಡಿ ವಾರ್ಹಾಲ್ ರಚಿಸಿದ ಚಿತ್ರವನ್ನು ಪತ್ರಿಕೆಯೊಂದರ ಮುಖಪುಟಕ್ಕೆ ಕೊಟ್ಟದ್ದರ ಬಗ್ಗೆ ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ ಅವರ ಪರವಾಗಿ ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪು ಕೊಟ್ಟಿತು. ವಾರ್ಹಾಲ್‌ನಂಥ ಹೆಸರೂ ಅಲ್ಲಿ ರಕ್ಷಣೆಗೆ ಬರಲಿಲ್ಲ. ಆ ತೀರ್ಪು ನಮ್ಮಲ್ಲಿ ಅನ್ವಯಿಸುವುದಿಲ್ಲ, ಆದರೂ ಅದರ ಹಿಂದಿನ ನ್ಯಾಯ ನಿಮ್ಮಂಥ ಕಲಾವಿದೆಗೆ ಅರ್ಥವಾಗಬೇಕು, ಏಕೆಂದರೆ ನಾಳೆ ನಿಮ್ಮ ಮಕ್ಕಳ ಪುಸ್ತಕದ ಚಿತ್ರವೊಂದನ್ನು ಯಾರೋ ಶಾಲೆಯ ಗೋಡೆಗೋ ಬಿಸ್ಕೆಟ್ ಪೊಟ್ಟಣಕ್ಕೋ ಎತ್ತಿಕೊಂಡರೆ ನೀವು ಕೇಳುವುದೂ ಇದನ್ನೇ.

ಇಷ್ಟೆಲ್ಲ ಓದಿ ಫ್ಯಾನ್ ಆರ್ಟನ್ನೇ ಬಿಟ್ಟುಬಿಡುವ ತೀರ್ಮಾನಕ್ಕೆ ಬರಬೇಡಿ. ನೀವು ಮೆಚ್ಚುವ ಜಪಾನಿನಲ್ಲಿಯೇ 1975ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಮೂವತ್ತರಷ್ಟು ಗುಂಪುಗಳೊಂದಿಗೆ ಶುರುವಾದ ಕಾಮಿಕೆಟ್ ಎಂಬ ಕಾಮಿಕ್ಸ್ ಮೇಳ ಇಂದು ಲಕ್ಷಾಂತರ ಜನ ಸೇರುವ ಜಾತ್ರೆಯಾಗಿದೆ, ಅಲ್ಲಿ ಮಾರಾಟವಾಗುವ ಸ್ವಪ್ರಕಟಿತ ಪುಸ್ತಕಗಳಲ್ಲಿ ದೊಡ್ಡ ಪಾಲು ಅಭಿಮಾನಿಗಳು ಮೆಚ್ಚಿದ ಪಾತ್ರಗಳನ್ನಿಟ್ಟುಕೊಂಡು ಬರೆದ ಕಥೆಗಳದ್ದು. ಕ್ಲ್ಯಾಂಪ್ ಎಂಬ ಹೆಸರಿನಲ್ಲಿ ಮುಂದೆ ಪ್ರಸಿದ್ಧರಾದ ಕಾಮಿಕ್ಸ್ ಕಲಾವಿದೆಯರ ತಂಡ 1980ರ ದಶಕದಲ್ಲಿ ಇಂಥ ಹವ್ಯಾಸಿ ಗುಂಪಾಗಿಯೇ ಆರಂಭವಾಯಿತು. ಹಕ್ಕುದಾರರು ಅಲ್ಲಿ ಬಹುತೇಕ ಕಣ್ಣು ಮುಚ್ಚಿಕೊಳ್ಳುತ್ತಾರೆ, ಏಕೆಂದರೆ ಅಭಿಮಾನಿ ತಾನೇ ಬರೆದದ್ದನ್ನು ಸಣ್ಣ ಪ್ರಮಾಣದಲ್ಲಿ ಅಚ್ಚು ಹಾಕಿ ಹಂಚಿದರೆ ಮೂಲಕ್ಕೆ ಹಾನಿಯಿಲ್ಲ ಎಂಬ ತಿಳಿವಳಿಕೆ ಅಲ್ಲಿ ಬೇರೂರಿದೆ. ಅದು ಸಹನೆಯೇ ಹೊರತು ಹಕ್ಕಲ್ಲ, ಸಹನೆಯ ಎಲ್ಲೆ ಎಲ್ಲಿದೆ ಎಂಬುದನ್ನು ಅಭಿಮಾನಿಯೇ ಅರಿತು ನಡೆಯಬೇಕಾಗುತ್ತದೆ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲಿಗೆ ಬರುತ್ತೇನೆ. ಸ್ವಂತ ಚಿತ್ರಗಳನ್ನು ಯಾರೂ ನೋಡುವುದಿಲ್ಲ ಎಂದಿದ್ದೀರಿ. ಟೊಟೊರೊನನ್ನು ನೋಡಿ ಮೆಚ್ಚಿದ ಸಾವಿರಾರು ಜನ ನಿಮ್ಮನ್ನು ಭೇಟಿಯಾಗುವ ಮೊದಲೇ ಟೊಟೊರೊನನ್ನು ಪ್ರೀತಿಸುತ್ತಿದ್ದರು. ನೀವು ಸೃಷ್ಟಿಸಿದ ಹುಡುಗಿಯನ್ನು ಅವರು ಮೊದಲ ಬಾರಿ ನೋಡುತ್ತಿದ್ದಾರೆ, ಅವಳ ಹೆಸರೂ ಅವರಿಗೆ ಗೊತ್ತಿಲ್ಲ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನಿಮ್ಮ ಯೋಗ್ಯತೆಯನ್ನು ಅಳೆದುಕೊಳ್ಳುವುದು ನಿಮಗೆ ನೀವೇ ಮಾಡಿಕೊಳ್ಳುವ ಅನ್ಯಾಯ. 2025ರ ಮಾರ್ಚ್‌ನಲ್ಲಿ ಎಐ ಮೂಲಕ ಮದುವೆ ಫೋಟೊಗಳನ್ನೆಲ್ಲ ಜಿಬ್ಲಿ ಶೈಲಿಗೆ ತಿರುಗಿಸುವ ಹುಚ್ಚು ಹಬ್ಬಿದಾಗ, ಆ ಮೃದು ಬಣ್ಣ ಮತ್ತು ದುಂಡು ಕೆನ್ನೆಗಳಷ್ಟನ್ನೇ ನಂಬಿಕೊಂಡ ಅಭಿಮಾನಿ ಕಲಾವಿದರು ಕಂಗೆಟ್ಟರು. ಗೋಡೆಯ ಮೇಲಿನ ಎಣ್ಣೆಕಲೆ ಮಾತ್ರ ಹಾಗೆ ಒಂದು ಗುಂಡಿ ಒತ್ತಿದರೆ ಬರುವಂಥದ್ದಲ್ಲ.

ವರಾಂಡದ ಚಿತ್ರವನ್ನು ನೀವು ಎಲ್ಲೂ ಹಾಕದಿರುವುದಕ್ಕೆ ಕಾರಣ ಬರೆದಿಲ್ಲ. ಅದು ಅಮ್ಮನ ಕಾಯಿಲೆಯ ಚಿತ್ರವಾದ್ದರಿಂದ ಸಂಕೋಚವಾಗಿದ್ದರೆ ಅದು ಸಹಜ, ಅವರನ್ನು ಕೇಳದೆ ಹಾಕಲೂಬೇಡಿ. ಆದರೆ ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ: ಆ ಬೆಂಚಿನ ಮೇಲೆ ಕೂತಿರುವವಳು ಸತ್ಸುಕಿ ಅಲ್ಲ. ನಿಮ್ಮ ದಣಿವನ್ನು ನಿಮ್ಮ ಮುಖದೊಂದಿಗೆ ತೋರಿಸಲು ಆಗದೆ ಅವಳ ಮುಖವನ್ನು ಎರವಲು ಪಡೆದಿದ್ದೀರಿ. ಕಷ್ಟದ ದಿನಗಳಲ್ಲಿ ಮೆಚ್ಚಿನ ಪಾತ್ರವೊಂದು ಹೀಗೆ ಜೊತೆಗೆ ನಿಲ್ಲುವುದು ಎಷ್ಟು ದೊಡ್ಡ ಉಪಕಾರ ಎಂಬುದನ್ನು ಬಲ್ಲೆ, ಆದ್ದರಿಂದ ಆ ಚಿತ್ರವನ್ನು ತಿದ್ದಬೇಡಿ, ಅದು ಹಾಗೆಯೇ ಇರಲಿ. ಅದೇ ವರಾಂಡವನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಬೆಂಚು, ಕಲೆ, ಡಬ್ಬಿ ಎಲ್ಲ ಇರಲಿ, ಹುಬ್ಬಳ್ಳಿಯ ಇಪ್ಪತ್ತಾರು ವರ್ಷದ ಒಬ್ಬ ಹೆಂಗಸು ಅಲ್ಲಿ ಕೂತಿರಲಿ. ಒಂದು ತಾಂತ್ರಿಕ ಮಾತನ್ನೂ ಸೇರಿಸುತ್ತೇನೆ: ಈಗಿನ ಚಿತ್ರದಲ್ಲಿ ಡಬ್ಬಿ ಹಿಡಿದ ಬೆರಳುಗಳನ್ನು ಸೆರಗಿನಂಥ ಬಟ್ಟೆಯ ಕೆಳಗೆ ಮುಚ್ಚಿದ್ದೀರಿ, ಅನಿಮೇಷನ್ ಪಾತ್ರಗಳ ಸರಳ ಕೈಗಳನ್ನೇ ವರ್ಷಗಟ್ಟಲೆ ಬರೆದವರಿಗೆ ಆ ಅಭ್ಯಾಸ ಬರುತ್ತದೆ. ಹೊಸ ಚಿತ್ರದಲ್ಲಿ ಬೆರಳುಗಳನ್ನು ಮುಚ್ಚದೆ ಬರೆಯಬೇಕಾಗುತ್ತದೆ.

ಗೆಳೆಯನಿಗೆ ಟಿ-ಷರ್ಟ್ ಬೇಡ ಎಂದು ಸ್ಪಷ್ಟವಾಗಿ ಹೇಳಿ, ಸ್ಟಿಕ್ಕರ್‌ಗಳಿಗೂ ಅದೇ ಉತ್ತರ. ಛಾಯಾಚಿತ್ರವನ್ನು ಟ್ರೇಸ್ ಮಾಡಿದ ಅಪ್ಪು ಭಾವಚಿತ್ರಗಳೂ ಬೇಡ. ಅವರನ್ನು ಬರೆಯಲೇಬೇಕೆನಿಸಿದರೆ ನೆನಪಿನಿಂದ ಬರೆಯಿರಿ, ಮಾರಬೇಡಿ, ಕೇಳಿದವರಿಗೆ ಕೊಡಿ. ಕಾಮಿಕ್ ಕಾನ್‌ನ ಟೇಬಲ್ ಹಿಡಿಯುವುದಕ್ಕೆ ನನ್ನ ಅಡ್ಡಿ ಇಲ್ಲ. ನಿಮ್ಮ ಸ್ವಂತ ಚಿತ್ರಗಳ ಪ್ರಿಂಟುಗಳನ್ನು ಮಾರಾಟಕ್ಕಿಡಿ, ಫ್ಯಾನ್ ಆರ್ಟನ್ನು ಮೂಲದ ಹೆಸರು ಬರೆದು ನೋಡುವುದಕ್ಕಷ್ಟೇ ತೂಗುಹಾಕಿ. ಟೊಟೊರೊನನ್ನು ಕಂಡು ನಿಂತವರು ಪಕ್ಕದ ಹಾಳೆಯನ್ನೂ ತಿರುವಿ ನೋಡುತ್ತಾರೆ. ಮಾರಾಟ ಕಡಿಮೆಯಾಗುತ್ತದೆ, ಟೇಬಲ್ ಬಾಡಿಗೆಯೂ ಹುಟ್ಟದಿರಬಹುದು, ಆ ಲೆಕ್ಕವನ್ನು ಗೆಳೆಯನೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಆತನಿಗೆ ಅದು ಒಪ್ಪಿಗೆಯಾಗದಿದ್ದರೆ ಈ ವರ್ಷದ ಮಟ್ಟಿಗೆ ಟೇಬಲ್ ಬಿಟ್ಟು, ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಅರ್ಜಿ ಹಾಕಿ. ಹೊರಡುವ ಮುನ್ನ ಎರಡೂ ವರಾಂಡಗಳನ್ನು ಮೇಷ್ಟ್ರಿಗೆ ತೋರಿಸಿ, ಬೆರಳುಗಳ ಬಗ್ಗೆ ಅವರ ಅಭಿಪ್ರಾಯ ಕೇಳಿ.