ಸಹಿ ಹಾಕಿಸುವ ಮೊದಲು ಕೂತು ಮಾತಾಡಿ

ಪ್ರಶ್ನೆ: ನಾನು ಸಾಗರದ ಸಣ್ಣ ನರ್ಸಿಂಗ್ ಹೋಮ್ ಒಂದರಲ್ಲಿ ಸರ್ಜನ್. ಮೊನ್ನೆ ನನ್ನ ಸ್ನೇಹಿತನಿಗೆ ಗ್ರಾಹಕರ ಆಯೋಗದಿಂದ ನೋಟಿಸ್ ಬಂತು. ಅವತ್ತಿನಿಂದ ಬ್ಲೇಡ್ ಹಿಡಿಯಲೂ ಕೈ ತಡೆಯುತ್ತದೆ. ಕೇಸ್ ಬೀಳದ ಹಾಗೆ ಏನು ಮಾಡಬೇಕು?
- ಯುವ ಸರ್ಜನ್, ಸಾಗರ

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ದುಡ್ಡು ತಗೊಂಡು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನೋಟಿಸ್ ಯಾರಿಗೂ ಬರಬಹುದು. ಆದರೆ ಆಪರೇಷನ್ ಕೈಕೊಟ್ಟ ಮಾತ್ರಕ್ಕೆ ಅದು ನಿರ್ಲಕ್ಷ್ಯ ಆಗುವುದಿಲ್ಲ, ಇದನ್ನು 2005ರಲ್ಲಿ ಜೇಕಬ್ ಮ್ಯಾಥ್ಯೂ ಕೇಸಿನಲ್ಲಿ ಅದೇ ಕೋರ್ಟ್ ಬಿಡಿಸಿ ಹೇಳಿದೆ. ನಾನು ಕಂಡ ಹಾಗೆ, ಜನ ಕೋರ್ಟಿನ ಮೆಟ್ಟಿಲು ಹತ್ತುವುದು ಜಾಸ್ತಿ 'ಡಾಕ್ಟ್ರು ನಮಗೇನೂ ಹೇಳ್ಲೇ ಇಲ್ಲ' ಅನ್ನುವ ಸಂಕಟಕ್ಕೆ.

ಹೊಸನಗರದ ಕಡೆಯ ಹೆಂಗಸೊಬ್ಬರು, ಅಡಿಕೆ ಸುಲಿದು ಬೆರಳೆಲ್ಲ ಚೊಗರು ಹಿಡಿದಿದೆ, ಪಿತ್ತಕೋಶದಲ್ಲಿ ಕಲ್ಲು ಅಂತ ಬಂದಿದ್ದಾರೆ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನರ್ಸ್ ಇಂಗ್ಲಿಷ್ ಫಾರ್ಮ್ ಚಾಚುತ್ತಾರೆ, ಇವರು ಹೆಬ್ಬೆಟ್ಟು ಒತ್ತುತ್ತಾರೆ. ಇದು ಒಪ್ಪಿಗೆ ಆಯ್ತಾ? ನಾನೂ ಶುರುವಿನಲ್ಲಿ ಹೀಗೇ ಮಾಡಿದ್ದೆ, ಈಗ ನೆನೆದರೆ ಬೇಸರವಾಗುತ್ತದೆ. ಹಿಂದಿನ ದಿನವೇ ಹಾಸಿಗೆ ಪಕ್ಕ ಕೂತು, ಮನೆಯವರನ್ನೂ ಕರೆದು, 'ಸಣ್ಣ ತೂತಿನಲ್ಲಿ ಶುರು ಮಾಡ್ತೀವಿ, ಒಳಗೆ ಅಂಟಿಕೊಂಡಿದ್ದರೆ ಹೊಟ್ಟೆ ತೆರೆಯಬೇಕಾಗಬಹುದು, ಪಿತ್ತನಾಳಕ್ಕೆ ಪೆಟ್ಟಾಗುವ ಸಾಧ್ಯತೆ ಕಡಿಮೆ, ಆದರೂ ಇದೆ' ಅಂತ ಅವರ ಮಾತಿನಲ್ಲೇ ಹೇಳಿ. ಅದನ್ನೇ ಕನ್ನಡದ ಫಾರ್ಮಿನಲ್ಲಿ ಬರೆಯಿರಿ. ಒಂದಕ್ಕೆ ಕೊಟ್ಟ ಒಪ್ಪಿಗೆಯಲ್ಲಿ ಇನ್ನೊಂದು ಆಪರೇಷನ್ ಮಾಡುವಂತಿಲ್ಲ, ಜೀವಕ್ಕೇ ಅಪಾಯ ಇದ್ದಾಗ ಮಾತ್ರ ಬೇರೆ. ಇದನ್ನೇ ಹೇಳುವ ಸುಪ್ರೀಂ ಕೋರ್ಟಿನ 2008ರ ಸಮೀರಾ ಕೊಹ್ಲಿ ತೀರ್ಪು ಓದಿ.

ಆಪರೇಷನ್ ಸುರಕ್ಷತೆಗೆ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ 19 ಅಂಶದ ಚೆಕ್‌ಲಿಸ್ಟ್ ಗೊತ್ತಲ್ವಾ? ಸುಮ್ನೆ ಟಿಕ್ ಹಾಕಬೇಡಿ, ಗಾಯ ಮುಚ್ಚುವ ಮೊದಲು ರಕ್ತ ಒರೆಸುವ ಗಾಜ್ ಬಟ್ಟೆ ಎಷ್ಟು ಅಂತ ನರ್ಸ್ ಜೋರಾಗಿ ಎಣಿಸಲಿ.

ತೊಂದರೆ ಆದರೆ ನೀವೇ ಹೊರಗೆ ಬಂದು ಹೇಳಿ, ಜೂನಿಯರನ್ನು ಕಳಿಸಬೇಡಿ. ಮಣಿಪಾಲಕ್ಕೆ ಕಳಿಸುವುದಾದರೆ ಬೇಗ ಕಳಿಸಿ, ಮಳೆಗಾಲದ ಘಾಟಿ ದಾರಿ ನಿಮಗೇ ಗೊತ್ತು. ಎಷ್ಟು ಗಂಟೆಗೆ, ಯಾಕೆ ಕಳಿಸಿದಿರಿ ಅನ್ನುವುದು ಕೇಸ್ ಶೀಟಿನಲ್ಲಿರಲಿ. ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬರೆದಿದ್ದನ್ನು ಆಮೇಲೆ ತಿದ್ದಲೇಬೇಡಿ. ಬಿಟ್ಟುಹೋಗಿದ್ದರೆ ಇವತ್ತಿನ ತಾರೀಖು ಹಾಕಿ, ಕೆಳಗೆ ಬೇರೆಯಾಗಿ ಸೇರಿಸಿ ಸಹಿ ಮಾಡಿ.