ಕಂಪ್ಯೂಟರ್ ಪ್ರಶ್ನೋತ್ತರ: ಸದ್ದು ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಪ್ರಶ್ನೆ: ನಮ್ಮ ಅಡಿಕೆ ಮಂಡಿಯಲ್ಲಿ ತೂಕ, ಬಿಲ್ಲು ಎರಡೂ ಬ್ರೌಸರಿನಲ್ಲೇ ನಡೆಯುತ್ತವೆ. ತೂಗುವವರ ಕಣ್ಣು ಚೀಲದ ಮೇಲಿರುತ್ತದೆಂದು ಪ್ರತಿ ಕೆಲಸಕ್ಕೂ ಒಂದೊಂದು ಸದ್ದು ಇಟ್ಟೆವು. ಈಗ ಯಾವ ಸದ್ದು ಯಾತಕ್ಕೆಂದು ಯಾರಿಗೂ ಗೊತ್ತಾಗುತ್ತಿಲ್ಲ. ಮಳೆ ಹಿಡಿದರೆ ಶೀಟಿನ ಮಾಡಿನಡಿ ಏನೂ ಕೇಳುವುದಿಲ್ಲ. ಬೆಳಿಗ್ಗೆ ಮೊದಲ ಚೀಲಕ್ಕಂತೂ ಸದ್ದೇ ಬರುವುದಿಲ್ಲ.
– ಓದುಗರು, ಸಾಗರ

ಉತ್ತರ: ಮೊದಲು ಎರಡೇ ಸದ್ದು ಉಳಿಸಿಕೊಳ್ಳಿ: ‘ತೂಕ ದಾಖಲಾಯಿತು’, ‘ದಾಖಲಾಗಲಿಲ್ಲ, ಚೀಲ ಇಳಿಸಬೇಡಿ’. ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಎಂದು ಆರಿಸುವಾಗ ಕಣ್ಣು ಹೇಗೂ ಪರದೆಯ ಮೇಲಿರುತ್ತದೆ, ಅಲ್ಲಿ ಸದ್ದು ಬರೀ ಗಲಾಟೆ.

ಈ ಎರಡನ್ನು ಸ್ವರದಿಂದಷ್ಟೇ ಅಲ್ಲ, ಲಯದಿಂದಲೂ ಬೇರೆ ಮಾಡಿ. ದಾಖಲಾದದ್ದಕ್ಕೆ 150 ಮಿಲಿಸೆಕೆಂಡಿನ ಒಂದು ಸದ್ದು ಸಾಕು. ತಪ್ಪಿಗೆ 120 ಮಿಲಿಸೆಕೆಂಡಿನ ಮೂರು, ನಡುನಡುವೆ 80ರ ಬಿಡುವು, ಸ್ವರ ಇಳಿಯುತ್ತ ಬರಲಿ. ಮೂಲ ಆವರ್ತನ 600ರಿಂದ 2000 ಹರ್ಟ್ಸ್ ಒಳಗಿರಲಿ. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪುವುದು ಕೀಚಲು ಸ್ವರ. ತೀರಾ ದಪ್ಪ ಸ್ವರವನ್ನು ಪುಟ್ಟ ಸ್ಪೀಕರು ಹೊರಡಿಸುವುದೇ ಕಷ್ಟ. ಆರಂಭದಲ್ಲಿ ಸದ್ದು ಮೆಲ್ಲನೆ ಜೋರಾಗಲು, ಅಂತ್ಯದಲ್ಲಿ ಮೆಲ್ಲನೆ ಅಡಗಲು 5–10 ಮಿಲಿಸೆಕೆಂಡು ಕೊಡದಿದ್ದರೆ ‘ಟಪ್’ ಎನ್ನುತ್ತದೆ.

ಮಳೆಯ ಸದ್ದು ಎಲ್ಲ ಆವರ್ತನಗಳಲ್ಲೂ ಹರಡಿಕೊಂಡಿರುತ್ತದೆ. ‘ಸುಂಯ್’ ಎನ್ನುವಂಥ ಸದ್ದಾದರೆ ಅದರಲ್ಲೇ ಮುಳುಗಿಹೋಗುತ್ತದೆ. ಗಂಟೆಯ ನಾದದಂತೆ ಹಲವು ಉಪಸ್ವರಗಳಿದ್ದರೆ ಒಂದಾದರೂ ಎದ್ದು ಕೇಳುತ್ತದೆ. ವಾಲ್ಯೂಮ್ ಏರಿಸುವ ಮೊದಲು ಸ್ಪೀಕರನ್ನು ತಕ್ಕಡಿಯ ಹತ್ತಿರಕ್ಕೆ ತನ್ನಿ. ಬಯಲಲ್ಲಿ ದೂರ ಅರ್ಧವಾದರೆ ಸುಮಾರು 6 ಡೆಸಿಬೆಲ್ ಲಾಭ, ಗೋಡೆಗಳ ನಡುವೆ ಸ್ವಲ್ಪ ಕಡಿಮೆ. ಆದರೂ ಆರಿದ್ರಾ ಮಳೆ ಯಾವ ಸ್ಪೀಕರಿಗೂ ಬಗ್ಗುವುದಿಲ್ಲ. ಅದಕ್ಕೇ ತಪ್ಪಾದಾಗ ಪರದೆ ತುಂಬ ‘ದಾಖಲಾಗಿಲ್ಲ’ ಎಂಬ ಅಕ್ಷರ ಬರಲಿ, ಒಬ್ಬರು ಒತ್ತುವವರೆಗೂ ಹೋಗದಿರಲಿ. ಬರೀ ಕೆಂಪು-ಹಸಿರು ಬಣ್ಣ ಸಾಲದು, ಆ ಎರಡರ ವ್ಯತ್ಯಾಸ ಕಾಣದವರೂ ಇರುತ್ತಾರೆ.

ಬೆಳಗಿನ ಮೌನಕ್ಕೆ ಕಾರಣ ಬ್ರೌಸರು. ಪುಟವನ್ನು ಯಾರಾದರೂ ಒಮ್ಮೆ ಒತ್ತುವವರೆಗೆ ಅದು ಸದ್ದು ಬಿಡುವುದಿಲ್ಲ. ತಕ್ಕಡಿಯಿಂದ ತಾನಾಗಿ ಬರುವ ಅಂಕಿ ಒತ್ತಿದ ಲೆಕ್ಕಕ್ಕೆ ಬಾರದು. ‘ಕೆಲಸ ಶುರು’ ಎಂಬ ಗುಂಡಿಯಿಟ್ಟು, ಅದನ್ನು ಒತ್ತಿದಾಗ ಆಡಿಯೋ ಕಾಂಟೆಕ್ಸ್ಟನ್ನು (ಬ್ರೌಸರಿನಲ್ಲಿ ಸದ್ದು ಹೊರಡಿಸುವ ವ್ಯವಸ್ಥೆ) ರೆಸ್ಯೂಮ್ ಮಾಡಿಸಿ, ಎರಡೂ ಸದ್ದು ಒಮ್ಮೆ ಕೇಳಿಸಿ. ಬ್ಲೂಟೂತ್ ಸ್ಪೀಕರಿದ್ದರೆ ಬದಲಿಸಿ: ಸುಮ್ಮನಿದ್ದಾಗ ನಿದ್ದೆಗೆ ಜಾರಿ, ಎಚ್ಚರವಾಗುವಷ್ಟರಲ್ಲಿ ಸದ್ದಿನ ತಲೆಯನ್ನೇ ನುಂಗುತ್ತದೆ. ತಂತಿಯದೇ ಒಳ್ಳೆಯದು. ಕಡತ ಎಂಪಿ3 ಬೇಡ, ಅದರ ಮೊದಲಿಗೆ ಚೂರು ನಿಶ್ಶಬ್ದ ಸೇರಿಕೊಳ್ಳುತ್ತದೆ. 16 ಬಿಟ್ ಮೊನೊ ವೇವ್ ಕಡತವಾದರೆ 150 ಮಿಲಿಸೆಕೆಂಡಿಗೆ ಬರೀ 13 ಕೆಬಿ.

ಇನ್ನೊಂದು. ‘ದಾಖಲಾಯಿತು’ ಸದ್ದು ಗುಂಡಿ ಒತ್ತಿದ್ದಕ್ಕೆ ಬರಬಾರದು, ಅಂಕಿ ನಿಂತು, ತೂಕ ಉಳಿದ ಮೇಲೆಯೇ ಬರಬೇಕು. ನಮ್ಮ ಕಡೆಯ ನೆಟ್ ನೆಚ್ಚಿ ಸರ್ವರಿನ ಉತ್ತರಕ್ಕೆ ಕಾದರೆ ಹಮಾಲರು ಅಷ್ಟರಲ್ಲಿ ಚೀಲ ಇಳಿಸಿರುತ್ತಾರೆ. ಮೊದಲು ಅದೇ ಕಂಪ್ಯೂಟರಿನಲ್ಲಿ ಉಳಿಸಿ ಸದ್ದು ಕೊಡಿ, ಸರ್ವರಿಗೆ ಆಮೇಲೆ ಹೋಗಲಿ.

ಪ್ರಶ್ನೆ: ನನಗೆ ಎಡಗಿವಿ ಕೇಳುವುದಿಲ್ಲ, ವಿಂಡೋಸ್ 11ರ ಎಚ್ಚರಿಕೆಗಳು ತಪ್ಪಿಹೋಗುತ್ತವೆ.
– ಓದುಗರು, ತೀರ್ಥಹಳ್ಳಿ

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರಲ್ಲಿ ಆಡಿಯೋ. ಮೊನೊ ಆಡಿಯೋ ಆನ್ ಮಾಡಿದರೆ ಎರಡೂ ಬದಿಯ ಸದ್ದು ಬಲಗಿವಿಗೂ ಬರುತ್ತದೆ. ಅಲ್ಲೇ ಕೆಳಗೆ, ಎಚ್ಚರಿಕೆ ಬಂದಾಗ ಪರದೆ ಮಿನುಗಿಸುವ ಆಯ್ಕೆಯೂ ಇದೆ.